ಮಂಡಿಯ ಮೇಲಿನ ಚೌಕ

ನಾಯಿ ಸತ್ತಿರಲಿಲ್ಲ.

ಸಾಯುವ ಮಾತಿರಲಿ, ತಿಪ್ಪೆಯ ಅಂಚಿನಲ್ಲಿ ಹೊಟ್ಟೆಯನ್ನು ಬಿಸಿಲಿಗೆ ಮಾಡಿ ಬಿದ್ದಿದ್ದ ಅದು ಪೊಲೀಸ್ ಬೂಟಿನ ಸದ್ದಿಗೆ ಒಂದು ಕಣ್ಣು ತೆರೆಯಿತು. ಬಾಯಲ್ಲಿದ್ದ ಮೂಳೆಯನ್ನು ಮುಂಗಾಲಿನಿಂದ ಹತ್ತಿರಕ್ಕೆ ಎಳೆದುಕೊಂಡು ಗುರ್ ಎಂದಿತು.

"ಮಾದಯ್ಯ, ಕೆದಕಿ ನೋಡಿ. ಇನ್ನೂ ಮೂಳೆ ಇದಾವಾ?"

ಹೆಡ್ ಕಾನ್‌ಸ್ಟೆಬಲ್ ಮಾದಯ್ಯ ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು ಇನ್ನೊಂದು ಕೈಯ ಕೋಲನ್ನು ತಿಪ್ಪೆಗೆ ತೂರಿಸಿದ.

"ನಮ್ಮನೆ ಬಾಗ್ಲೊಳಕ್ಕೆ ಮೊಟ್ಟೆ ಸಿಪ್ಪೇನೂ ಬಂದಿಲ್ಲ ಮೇಡಂ. ಕುರಿ ಕಾಲು ಉಡುಕ್ತಾ ಕುಂತಿದ್ದೆ ಅಂತ ಗೊತ್ತಾದ್ರೆ ನಮ್ಮವ್ವ ನಂಗೆ ಜಗಲಿ ಮ್ಯಾಲೇ ತಟ್ಟೆ ಆಕ್ತಳೆ."

"ಜಗಲಿ ಮೇಲೆ ಗಾಳಿ ಚೆನ್ನಾಗಿರುತ್ತೆ. ಕೆದಕಿ."

ಸಬ್ ಇನ್‌ಸ್ಪೆಕ್ಟರ್ ಯಶೋಧರಾ ನಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಕಣ್ಣು ಹಳದಿಯಾಗಿರಲಿಲ್ಲ, ಬಾಯಲ್ಲಿ ನೊರೆ ಇರಲಿಲ್ಲ. ಮೂಳೆಯನ್ನು ಕಿತ್ತುಕೊಳ್ಳಲು ಬಂದಳೆಂದು ತಿಳಿದು ಅದು ಹಲ್ಲು ತೋರಿಸಿತು. ಹಲ್ಲೂ ಚೆನ್ನಾಗಿಯೇ ಇದ್ದವು.

ಮಂಗಳಮ್ಮ ಸತ್ತು ಅವತ್ತಿಗೆ ನಾಲ್ಕನೆಯ ದಿನ. ಸೊಸೆ ರಂಜಿನಿ ಕೊಟ್ಟ ಕಾಲು ಸೂಪು ಕುಡಿದೇ ತನ್ನ ತಾಯಿ ಸತ್ತಳೆಂದು ಮಂಗಳಮ್ಮನ ಮಗಳು ವಾಣಿ ದೂರು ಕೊಟ್ಟಿದ್ದಳು. ನಿನ್ನೆ ಸಂಜೆ ರಂಜಿನಿಯನ್ನು ಬಂಧಿಸಿದವಳು ಯಶೋಧರಾಳೇ. ಇವತ್ತು ಸಂಜೆಯೊಳಗೆ ತಿ. ನರಸೀಪುರದ ನ್ಯಾಯಾಲಯದಲ್ಲಿ ಅವಳನ್ನು ಹಾಜರುಪಡಿಸಬೇಕು. ಅಲ್ಲಿಂದ ಮುಂದಕ್ಕೆ ಮೈಸೂರಿನ ಜೈಲು. ಹೊಟ್ಟೆಯೊಳಗಿನ ಅಂಗಾಂಗಗಳ ಪರೀಕ್ಷೆಯ ವರದಿ ಬರಲು ತಿಂಗಳುಗಳೇ ಹಿಡಿಯುತ್ತವೆ. ಅಷ್ಟು ದಿನ ಮೊಲೆ ಕುಡಿಯುವ ಮಗುವೂ ತಾಯಿಯ ಜೊತೆ ಕಂಬಿಯ ಹಿಂದೆ.

ಕೊಂದವಳಾದರೆ ಸರಿ. ಕೊಂದವಳಲ್ಲದಿದ್ದರೆ?

"ಸೂಪಿನ ಪಾತ್ರೆ ಇಲ್ಲಿಗೆ ಸುರಿದದ್ದು ಯಾರು?"

ಪಕ್ಕದ ಮನೆಯ ದೊಡ್ಡಸಿದ್ದಯ್ಯನ ಸೊಸೆ ಸೆರಗಿನ ತುದಿಯನ್ನು ಬಾಯಿಗೆ ಕಚ್ಚಿಕೊಂಡು ನಿಂತಿದ್ದಳು.

"ನಾನೇ ಕಣವ್ವ. ಸಾವಾದ ಮನೇಲಿ ಬೇಯ್ಸಿದ್ದ ಇಟ್ಕಬಾರ್ದಲ್ಲ. ಅರ್ಧ ಪಾತ್ರೆ ಮಿಕ್ಕಿತ್ತು, ತಂದು ಸುರುದ್ಬುಟ್ಟೆ. ಈ ನಾಯಿ, ನಮ್ಮನೆ ನಾಯಿ ಎರಡೂ ನೆಕ್ದೊ."

"ನಿಮ್ಮ ನಾಯಿ ಎಲ್ಲಿ? ಸತ್ತೋಯ್ತಾ?"

"ಸಾಯದಾ? ಮರಿ ಆಕದೆ. ನಾಕು."

ಮಾದಯ್ಯ ಕೋಲು ನಿಲ್ಲಿಸಿದ. ಸೂಪು ಕುಡಿದ ಒಬ್ಬಳು ಸತ್ತಿದ್ದಳು. ಸೂಪು ಕುಡಿದ ಎರಡು ನಾಯಿಗಳಲ್ಲಿ ಒಂದು ಬಿಸಿಲು ಕಾಯಿಸುತ್ತಿತ್ತು, ಇನ್ನೊಂದು ಬಾಣಂತನ ಮಾಡಿಕೊಳ್ಳುತ್ತಿತ್ತು.

"ಆದ್ರೂ ಮೇಡಂ, ನಾಯೀನ ಕರ್ಕೊಂಡೋಗಿ ಜಡ್ಜ್ ಸಾಯೇಬ್ರ ಮುಂದೆ ಸಾಕ್ಷಿ ಅಂತ ನಿಲ್ಸಕ್ಕಾಯ್ತದಾ?"

ಆಗುವುದಿಲ್ಲ. ಅದು ಅವಳಿಗೂ ಗೊತ್ತಿತ್ತು.

ಈ ಕಡೆ ಮಂಡಿ ನೋವು ಎಂದರೆ ಡಾಕ್ಟರ ಚೀಟಿಗಿಂತ ಮೊದಲು ಒಲೆಯ ಮೇಲೆ ಕುರಿಯ ಕಾಲು ಬೇಯುತ್ತದೆ. ಯಶೋಧರಾಳ ತಾಯಿಯೂ ನೆಲದ ಮೇಲೆ ಕೂತು ಉಣ್ಣುವುದನ್ನು ಬಿಟ್ಟು ವರ್ಷಗಳಾದವು; ಆ ಮನೆಯಲ್ಲೂ ವಾರಕ್ಕೊಮ್ಮೆ ಮೆಣಸು ಜೀರಿಗೆ ಕುಟ್ಟಿ ಹಾಕಿದ ಅದೇ ಸೂಪು. ಅದನ್ನು ಕುಡಿದು ಮಂಡಿ ವಾಸಿಯಾದವರನ್ನು ಅವಳು ಕಂಡಿರಲಿಲ್ಲ. ಸತ್ತವರನ್ನೂ ಕಂಡಿರಲಿಲ್ಲ.

ವಾಣಿಯ ಮಾತು ಅವಳ ಕಿವಿಯಲ್ಲಿ ಇನ್ನೂ ಇತ್ತು. "ಅಂತಾ ಒತ್ನಲ್ಲಿ ಸೂಪು ಕೊಡ್ತಾರಾ? ಕೊಟ್ಬುಟ್ಲು. ಕೊಟ್ಟು ಸಾಯ್ಸ್‌ಬುಟ್ಲು." ವಿಷ ಎಂಬ ಮಾತನ್ನು ವಾಣಿ ಆಡಿರಲಿಲ್ಲ. ಅದನ್ನು ಸೇರಿಸಿಕೊಂಡವರು ಪೊಲೀಸರೇ. ಅತ್ತೆ ಸೊಸೆ ಜಗಳವಾಡುತ್ತಿದ್ದರಂತೆ, ಸೊಸೆ ಸೂಪು ಕೊಟ್ಟಳಂತೆ, ಅತ್ತೆ ಸತ್ತಳಂತೆ. ಅಲ್ಲಿಗೆ ವಿಷ ತಾನಾಗಿ ಬಂದು ಸೇರಿಕೊಂಡಿತ್ತು. ಅಂಥ ಹೊತ್ತು ಅಂದರೆ ಎಂಥ ಹೊತ್ತು ಎಂದು ಯಾರೂ ಕೇಳಿರಲಿಲ್ಲ. ತಾನೂ ಕೇಳಿರಲಿಲ್ಲ.

"ಮಂಗಳಮ್ಮನ ಮೈ ತೊಳೆದದ್ದು ಯಾರ್‍ಯಾರು?"

"ನಾನು, ನಮ್ಮತ್ತೆ, ವಾಣಿ."

"ಮೈ ಮೇಲೆ ಗಾಯ, ಬರೆ, ಏನಾದ್ರೂ ಕಂಡ್ತಾ?"

ಆ ಹೆಂಗಸು ಅತ್ತಿತ್ತ ನೋಡಿದಳು. ಸತ್ತವರ ಮೈಯ ವಿಷಯ ಗಂಡಸಿನ ಮುಂದೆ ಹೇಗೆ ಆಡುವುದೆಂದು ಮಾದಯ್ಯನ ಕಡೆ ಕಣ್ಣು ಮಾಡಿದಳು. ಮಾದಯ್ಯ ತಿಪ್ಪೆಯ ಆ ಬದಿಗೆ ಹೋದ.

"ಬಲಗಾಲ ಮಂಡಿ ಊದ್ಕೊಂಡು ಕುಂಬಳಕಾಯಿ ಆಗಿತ್ತು ಕಣವ್ವ. ಅದ್ರ ಮ್ಯಾಲೆ ಕಂದು ಬಣ್ಣ. ತೊಳುದ್ರೂ ಓಗ್ಲಿಲ್ಲ, ಉಜ್ಜುದ್ರೂ ಓಗ್ಲಿಲ್ಲ. ವಾಣಿ ಅದ ಬುಟ್ಬುಡಿ, ಅರಿಸಿನ ಮೆತ್ತಿ ಅಂದ್ಲು. ದಪ್ಪಕ್ಕೆ ಮೆತ್ತುದೊ."

"ಬಣ್ಣ ಹೇಗಿತ್ತು? ಅಲ್ಲಲ್ಲಿ ಚೆಲ್ಲಿದ ಹಾಗಾ?"

"ಇಲ್ಲ, ಇಂಗೆ." ಅವಳು ಬಗ್ಗಿ ಬೆರಳಿನಿಂದ ಮಣ್ಣಿನಲ್ಲಿ ಗೀಚಿದಳು. ನಾಲ್ಕು ಮೂಲೆ, ನಾಲ್ಕು ನೇರ ಗೆರೆ. "ರಂಗೋಲಿ ಮನೆ ಕಟ್ದಂಗೆ. ಆ ಮನೆಯೊಳಗೆ ಒಂದು ಕೂದ್ಲೂ ಇರ್ಲಿಲ್ಲ, ನುಣ್ಣಗೆ. ಈ ಮುದುಕಿ ಕಾಲ ಚೌರ ಮಾಡೋನು ಯಾವನವ್ವ ಅಂತ ನಮ್ಮತ್ತೆ ಹೆಣದ ಮುಂದೇನೇ ನಕ್ಬುಟ್ರು."

ಯಶೋಧರಾ ಆ ಚೌಕವನ್ನು ನೋಡುತ್ತ ನಿಂತಳು. ಆಮೇಲೆ ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರಿಗೆ ಫೋನ್ ಮಾಡಿದಳು.

"ಹೌದಮ್ಮ, ಅರಿಸಿನದ ಕೆಳಗೆ ಏನೋ ಬಣ್ಣ ಇತ್ತು. ನಾಟಿ ಔಷಧಿ ಅಂದ್ಕೊಂಡೆ. ಮಂಡಿ ಬಾತಿತ್ತು. ವರ್ಷಗಳಿಂದ ಮಂಡಿ ನೋವು ಅಂತ ಮಗಳೇ ಹೇಳಿದ್ಲಲ್ಲ. ಮಂಡಿ ನೋವಿನಿಂದ ಯಾರಾದ್ರೂ ಸಾಯ್ತಾರಾ?"

ಎಲ್ಲರೂ ನೋಡಿದ್ದರು. ತಮಗೆ ಮೊದಲೇ ಗೊತ್ತಿದ್ದದ್ದನ್ನು ನೋಡಿದ್ದರು.

*

ಠಾಣೆಯಲ್ಲಿ ರಂಜಿನಿ ಬೆಂಚಿನ ಮೇಲೆ ಗೋಡೆಯ ಕಡೆ ತಿರುಗಿ ಕೂತು ಮಗುವಿಗೆ ಹಾಲು ಕೊಡುತ್ತಿದ್ದಳು. ಅತ್ತು ಅತ್ತು ಅಳು ಮುಗಿದವರ ಮುಖ.

"ಅತ್ತೆ ಮಂಡಿಗೆ ಏನು ಹಚ್ಚಿದ್ದೆ?"

"ನಾನೇನೂ ಅಚ್ಲಿಲ್ಲ ಮೇಡಂ. ಕಳೆ ಕೀಳಕ್ಕೆ ಓಗಿದ್ದೆ. ಬಂದಾಗ ಅತ್ತೆ ಮಂಡಿಗೆ ಬಟ್ಟೆ ಸುತ್ಕೊಂಡು ಮಲಗಿದ್ರು. ನಿನ್ ಗಂಡ ಅದೇನೋ ಎಣ್ಣೆ ತಂದಿದ್ದ ಅಂದ್ರು."

"ಆವಾಗ ಮನೇಲಿ ಯಾರಿದ್ರು?"

"ಇವರಿದ್ರು. ವಾಣಿ ಅತ್ಗೆ ಬಂದಿದ್ರು. ನಾನು ಬರೋ ಒತ್ಗೆ ಅತ್ಗೆ ಬಸ್ಸಿಗೆ ಒಂಟಿದ್ರು. ಸಂಜೆ ಅತ್ತೆ ಕಾಲು ಬಾಳ ಎಳೀತದೆ ಕಣೇ, ಒಂಚೂರು ಸೂಪು ಮಾಡ್ಕೊಡು ಅಂದ್ರು. ಮಾಡ್ಕೊಟ್ಟೆ. ಇನ್ನೇನು ಮಾಡ್ಬೇಕಿತ್ತು?"

"ನಿನ್ ಗಂಡ ನಿಂಗರಾಜು ಇಲ್ಲಿಗೆ ಬಂದಿದ್ನಾ?"

ರಂಜಿನಿ ಮಗುವಿನ ತಲೆ ಸವರಿದಳು. "ಕುರಿಗೆ ಮೇವಾಕಕ್ಕೆ ಓಗಿರ್ತರೆ ಮೇಡಂ."

ಮಾದಯ್ಯ ಹೊರಗೆ ಬಂದು ಜೀಪಿನ ಬಾಗಿಲು ಹಿಡಿದು ನಿಂತ.

"ಹೆತ್ತವ್ವ ಸತ್ತು ತಿಥಿನೂ ಆಗಿಲ್ಲ. ಹೆಂಡ್ತಿ ಲಾಕಪ್‌ನಲ್ಲವ್ಳೆ. ಈ ನನ್ಮಗ ಡ್ಯೂಟಿಗೆ ಓಗವ್ನೆ. ಸರ್ಕಾರಿ ನೌಕರಿಯೋನಾದ ನಾನೇ ಜ್ವರ ಅಂದ್ರೆ ಮೂರ್ದಿನ ಬರಾಕಿಲ್ಲ."

"ಅದನ್ನೇ ಅವನ್ನ ಕೇಳೋಣ, ಹತ್ತಿ."

*

ನಿಂಗರಾಜು ಕುರಿ ನೋಡಿಕೊಳ್ಳುತ್ತಿದ್ದ ಔಷಧಿ ಸಂಶೋಧನಾ ಕೇಂದ್ರ ನಂಜನಗೂಡಿನ ಹೊರಗೆ, ಕಾರ್ಖಾನೆಗಳ ಸಾಲು ಮುಗಿಯುವ ಕಡೆ ಇತ್ತು. ಗೇಟಿನ ಮೇಲೆ ಹೆಸರು ಸಣ್ಣದಾಗಿತ್ತು. ಒಳಗೆ ಉದ್ದನೆಯ ಶೆಡ್ಡು, ತೊಳೆದ ನೆಲ, ಸಾಲಾಗಿ ಕಟಕಟೆ. ಒಂದೊಂದರಲ್ಲೂ ನಾಲ್ಕೈದು ಕುರಿ.

ಮುಖ್ಯಸ್ಥ ಡಾಕ್ಟರ್ ಅಮೃತೇಶ್ ಗೇಟಿನ ತನಕ ಬಂದು ಕೈ ಮುಗಿದ. ಇಸ್ತ್ರಿ ಮಾಡಿದ ಬಿಳಿ ಕೋಟು, ಹಣೆಯ ಮೇಲೆ ತೆಳುವಾದ ವಿಭೂತಿ.

"ಸಂಧಿವಾತಕ್ಕೆ ಔಷಧಿ ಮೇಡಂ. ಸವೆದ ಮಂಡಿ ಮತ್ತೆ ಚಿಗುರಬೇಕು, ಅಂಥದ್ದು. ಇನ್ನೊಂದೆರಡು ವರ್ಷ. ನಮ್ಮ ತಾಯಿ ಒಂದು ಮೆಟ್ಟಿಲು ಹತ್ತೋಕೆ ನನ್ನ ಹೆಗಲು ಹಿಡೀತಾರೆ. ನಿಮ್ಮ ಮನೇಲೂ ಯಾರಾದ್ರೂ ಇರ್ತಾರೆ."

ಇದ್ದರು. ಯಶೋಧರಾ ಅದನ್ನು ಹೇಳಲಿಲ್ಲ. ಅವಳ ಕಣ್ಣು ಕುರಿಗಳ ಹಿಂಗಾಲಿನ ಮೇಲಿತ್ತು.

ಪ್ರತಿ ಕುರಿಯ ಬಲಗಾಲ ಮಂಡಿಯ ಮೇಲೂ ಉಣ್ಣೆ ಬೋಳಿಸಿದ ಜಾಗ. ನಾಲ್ಕು ಮೂಲೆ, ನಾಲ್ಕು ನೇರ ಗೆರೆ. ಒಳಗೆ ಟಿಂಚರಿನ ಕಂದು ಬಣ್ಣ.

ಮಾದಯ್ಯನೂ ನೋಡಿದ.

ನಿಂಗರಾಜು ಕೊನೆಯ ಕಟಕಟೆಯಲ್ಲಿ ಹುಲ್ಲು ಬಿಡಿಸುತ್ತಿದ್ದ. ಪೊಲೀಸರನ್ನು ಕಂಡು ಎದ್ದ. ಕೈಯಲ್ಲಿದ್ದ ಹುಲ್ಲನ್ನು ಕೆಳಗೆ ಹಾಕಲು ಮರೆತ.

"ನಿಂಗರಾಜು, ಸೂಜಿ ಹಾಕೋಕೆ ಮುಂಚೆ ಕಾಲು ಬೋಳಿಸೋದು ನೀನೇನಾ?"

"ಊ ಮೇಡಂ. ಬೋಳ್ಸಿ, ಟಿಂಚರು ಅಚ್ಚಿ, ಕಾಲ ಬಿಗಿಯಾಗಿ ಇಡ್ಕಬೇಕು. ಡಾಕ್ಟ್ರು ಸೂಜಿ ಆಕ್ತಾರೆ."

"ಚೌಕಾಕಾರ ಯಾಕೆ?"

"ಅಂಗೇ ಕಲ್ಸವ್ರೆ. ದುಂಡಗೆ ಬೋಳ್ಸುದ್ರೆ ಬಯ್ತಾರೆ."

"ಕೈಗೆ ಅದೇ ರೂಢಿ ಆಗೋಗಿದೆ, ಅಲ್ವಾ?"

"ಊ ಮೇಡಂ."

"ಅದಕ್ಕೇ ನಿಮ್ಮವ್ವನ ಕಾಲೂ ಹಾಗೇ ಬೋಳಿಸ್ದೆ."

ಕುರಿಗಳು ಮೇಯುವ ಸದ್ದು ಕೇಳುತ್ತಿತ್ತು. ಅಮೃತೇಶ ನಡುವೆ ಬಂದ.

"ಮೇಡಂ, ಇವನ ತಾಯಿ ತೀರಿಕೊಂಡಿದಾರೆ, ಈಗ ಇಂಥ ಪ್ರಶ್ನೆ..."

"ನಿಮ್ಮ ಸರದಿ ಬರುತ್ತೆ ಸರ್, ಇರಿ." ಅವಳು ನಿಂಗರಾಜುವಿನ ಮುಖದಿಂದ ಕಣ್ಣು ತೆಗೆಯಲಿಲ್ಲ. "ಆ ಮುದುಕಿ ಕಾಲಲ್ಲಿ ಬೋಳಿಸೋವಷ್ಟು ಕೂದಲೇ ಇರ್ಲಿಲ್ಲ ಕಣೋ. ಆದ್ರೂ ಬೋಳಿಸ್ದೆ."

ನಿಂಗರಾಜು ಹುಲ್ಲಿನ ಮೇಲೇ ಕೂತುಬಿಟ್ಟ. ಒಂದು ಕುರಿ ಬಂದು ಅವನ ಕೈಯಲ್ಲಿದ್ದ ಹುಲ್ಲನ್ನು ಎಳೆಯಿತು. ಅವನು ಬಿಟ್ಟ.

"ಅವ್ವ ಅಂಬೆಗಾಲಲ್ಲಿ ಬಚ್ಚಲಿಗೆ ಓಯ್ತಿತ್ತು ಮೇಡಂ. ನಂಗೆ ನೋಡಕ್ಕಾಯ್ತಿರ್ಲಿಲ್ಲ. ಇಲ್ಲಿ ದಿನಾ ನೋಡ್ತೀನಲ್ಲ. ಕುಂಟ್ತಾ ಬತ್ತವೆ. ಸೂಜಿ ಆಕ್ತಾರೆ. ಕೆಲವು ಎದ್ದು ಓಡ್ತವೆ. ಅಲ್ನೋಡಿ, ಅದು ಮೊದ್ಲು ಎದ್ದೇಳ್ತಾನೇ ಇರ್ಲಿಲ್ಲ." ಅವನು ಬಿಳಿ ಮುಖದ ಒಂದು ಕುರಿಯನ್ನು ತೋರಿಸಿದ. "ಕುರಿಗೆ ಸಿಗೋದು ಅವ್ವಂಗೆ ಸಿಗ್ಬಾರ್ದಾ ಅನ್ನುಸ್ತು."

"ಕದ್ದೆ."

"ತಗೊಂಡೋದೆ."

"ನೀನೇ ಸೂಜಿ ಹಾಕ್ದೆ?"

"ಊ. ವಾಣಿ ಅಕ್ಕ ಭುಜ ಇಡ್ಕಂಡಿದ್ಲು."

"ಹಾಗಾದ್ರೆ ನಿನ್ನ ಹೆಂಡ್ತಿ ಯಾಕೆ ನನ್ನ ಠಾಣೇಲಿ ಕೂತಿದ್ದಾಳೆ?"

ನಿಂಗರಾಜು ತಲೆ ಎತ್ತಿದ. ಮೊದಲ ಸಲ ಅವನ ದನಿಯಲ್ಲಿ ಸಿಟ್ಟು ಬಂತು.

"ಅವಳೇ ತಾನೆ ಸೂಪು ಕೊಟ್ಟಿದ್ದು? ಸೂಜಿ ಆಕುಸ್ಕೊಂಡ್ ದಿನ ಯಾರಾದ್ರೂ ಮಾಂಸದ್ದು ಕೊಡ್ತಾರಾ? ನಂಜಾಗಾಕಿಲ್ವಾ? ನಂಜಾಗಿ ಮಂಡಿ ಊದ್ಕೊಂಡು, ಮೈಯೆಲ್ಲ ತಣ್ಣಗಾಗಿ, ಬೆಳಗಾಗೋ ಒತ್ಗೆ ಓಗ್ಬುಟ್ಲು ನಮ್ಮವ್ವ. ಪಥ್ಯ ಮಾಡಿದ್ರೆ ಇವತ್ಗೆ ನಡೀತಿದ್ಲು."

ಅಂಥ ಹೊತ್ತು. ವಾಣಿ ಹೇಳಿದ್ದು ಸೂಜಿ ಹಾಕಿಸಿಕೊಂಡ ಹೊತ್ತನ್ನು. ಗಾಯವಾದರೆ, ಸೂಜಿ ಚುಚ್ಚಿದರೆ ಮಾಂಸ, ಬದನೆಕಾಯಿ ಮುಟ್ಟಬಾರದೆಂದು ಯಶೋಧರಾಳ ಅಜ್ಜಿಯೂ ಹೇಳುತ್ತಿದ್ದಳು. ಈ ಅಕ್ಕ ತಮ್ಮ ಸುಳ್ಳು ಹೇಳಿರಲಿಲ್ಲ. ರಂಜಿನಿಯೇ ಕೊಂದಳೆಂದು ನಿಜವಾಗಿಯೂ ನಂಬಿದ್ದರು. ಸುಳ್ಳಿಗಿಂತ ಅದನ್ನು ಬಿಡಿಸುವುದು ಕಷ್ಟ.

"ಸೂಜಿ ಹಾಕಿದ ವಿಷಯ ರಂಜಿನಿಗೆ ಹೇಳಿದ್ಯಾ?"

"ಇಲ್ಲ."

"ಎಣ್ಣೆ ಅಂತ ಹೇಳು ಅಂತ ನಿಮ್ಮವ್ವನಿಗೆ ಹೇಳ್ಕೊಟ್ಟಿದ್ದು ಯಾರು?"

"ನಾನೇ. ಔಷಧಿ ತಗೊಂಡೋಗಿದ್ದು ಆಚೆಗೆ ಗೊತ್ತಾದ್ರೆ ಕೆಲಸ ಓಯ್ತದೆ ಅಂತ."

"ಗೊತ್ತಿಲ್ಲದೋಳು ಪಥ್ಯ ಹೆಂಗೆ ಮಾಡ್ಬೇಕಿತ್ತು?"

ಅವನು ನೆಲದ ಹುಲ್ಲನ್ನು ಕೆದಕಿದ.

"ಕೆಲಸ ಹೋಗ್ಬಾರ್ದು ಅಂತ ಹೆಂಡ್ತಿ ಜೈಲಿಗೆ ಹೋಗ್ಲಿ ಅಂದ್ಕೊಂಡ್ಯಾ?"

"ಎರಡು ಮೂರು ದಿನಕ್ಕೆ ಬುಟ್ಬುಡ್ತಾರೆ ಅಂದ್ರು ಮೇಡಂ."

"ಯಾರು ಅಂದ್ರು?"

ನಿಂಗರಾಜುವಿನ ಕಣ್ಣು ಬಿಳಿ ಕೋಟಿನ ಕಡೆ ಹೋಗಿ ಬಂತು.

ಯಶೋಧರಾ ಅಮೃತೇಶನ ಕಡೆ ತಿರುಗಿದಳು.

"ನಿಮ್ಮ ಸರದಿ ಸರ್. ಸೂತಕದ ಮನೇಲಿದ್ದೋನನ್ನ ಕೆಲಸಕ್ಕೆ ಕರೆಸಿದ್ದು ನೀವೇ ಅಲ್ವಾ?"

"ಕುರಿಗಳಿಗೆ ಇವನೇ ಅಭ್ಯಾಸ..."

"ಈ ಕುಂಟ ಕುರಿಗಳನ್ನ ಎಲ್ಲಿಂದ ತರ್ತೀರಾ?"

"ಸಂತೆಯಿಂದ."

"ಸಂತೇಲಿ ಕುಂಟ ಕುರಿ ಮಾರ್ತಾರಾ ಮಾದಯ್ಯ?"

"ಮಾರ್ತಾರೆ ಮೇಡಂ. ಒಂದೋ ಎರಡೋ. ಒಂದೇ ಕಾಲು ಕುಂಟೋ ಇಷ್ಟು ಕುರಿ ಇಡೀ ಜಿಲ್ಲೇಲಿ ಸಿಗಾಕಿಲ್ಲ. ಅದೂ ಎಲ್ಲಕ್ಕೂ ಬಲಗಾಲೇ."

ಶೆಡ್ಡಿನ ಆ ತುದಿಯಲ್ಲಿ ಒಂದು ಮುಚ್ಚಿದ ಬಾಗಿಲಿತ್ತು. ಅದರಾಚೆಯಿಂದ ಕುರಿಗಳು ಅರಚುವುದು ಕೇಳಿಸುತ್ತಿತ್ತು. ಗಟ್ಟಿ ದನಿ, ಎಳೆ ಪ್ರಾಯದ ದನಿ.

"ಒಳಗಿನ ರೂಮಿಂದ ಈಚೆಗೆ ಬರೋವಾಗ್ಲೇ ಕುಂಟ್ತಾ ಬತ್ತವೆ ಮೇಡಂ," ನಿಂಗರಾಜು ಹೇಳಿದ. "ಕಾಲು ಕೆಟ್ಟೋವ್ನೇ ಆರ್ಸಿ ತತ್ತಾರೆ. ವಾಸಿ ಮಾಡಿ ಫಾರಂಗೆ ಕಳುಸ್ತಾರೆ. ಧರ್ಮಾಸ್ಪತ್ರೆ ಇದ್ದಂಗೆ."

ಯಶೋಧರಾ ಕಾಯುತ್ತಿದ್ದಳು. ಅಮೃತೇಶ ಕೋಟಿನ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡ.

"ಹೇಳಿ ಸರ್. ಧರ್ಮಾಸ್ಪತ್ರೇನಾ?"

"ಅವರು ಕುರಿಗಳಿಗೆ ಹೆಸರಿಡ್ತಾರೆ ಮೇಡಂ. ನಿಜ ಹೇಳಿದ್ರೆ ಒಬ್ಬನೂ ಕೆಲಸಕ್ಕೆ ನಿಲ್ಲಲ್ಲ. ಅದಕ್ಕೆ ಹಾಗೆ ಹೇಳಿದ್ದೆ." ಅವನು ನಿಂಗರಾಜುವನ್ನು ನೋಡದೆ ಮಾತಾಡಿದ. "ಔಷಧಿ ಪರೀಕ್ಷೆ ಮಾಡ್ಬೇಕಾದ್ರೆ ಮೊದಲು ಕಾಯಿಲೆ ಇರ್ಬೇಕು. ತಾನಾಗೇ ಬರೋ ತನಕ ಕಾದ್ರೆ ಕುರಿಗೂ ವಯಸ್ಸಾಗುತ್ತೆ, ನಂಗೂ ವಯಸ್ಸಾಗುತ್ತೆ. ಒಳಗಿನ ರೂಮಲ್ಲಿ ಮೊದಲನೇ ಸೂಜಿ ಕೊಡ್ತೀವಿ. ಅದು ಕೀಲಿನೊಳಗಿನ ಮೆತ್ತನೆ ಭಾಗಾನ ಸುಡುತ್ತೆ. ಆಮೇಲೆ ಅರ್ಧಕ್ಕೆ ಔಷಧಿ, ಇನ್ನರ್ಧಕ್ಕೆ ಬರೀ ಉಪ್ಪುನೀರು. ಪ್ರಪಂಚದಲ್ಲೆಲ್ಲ ಹೀಗೇ ಮಾಡೋದು."

"ಕೊನೇಲಿ?"

"ನೋವಾಗದ ಹಾಗೆ ಮಲಗಿಸ್ತೀವಿ. ಮಂಡಿ ತೆಗೆದು, ತೆಳ್ಳಗೆ ಕುಯ್ದು ನೋಡ್ತೀವಿ. ನೋಡ್ದೇ ಗೊತ್ತಾಗಲ್ಲ."

"ಆ ಮೊದಲನೇ ಸೂಜಿ ಬಾಟಲಿ ಎಲ್ಲಿಡ್ತೀರಾ?"

"ಫ್ರಿಜ್ಜಲ್ಲಿ."

"ಔಷಧಿ ಬಾಟಲಿ?"

"ಅದೇ ಫ್ರಿಜ್ಜಲ್ಲಿ. ಯಾವುದ್ರ ಮೇಲೂ ಹೆಸರು ಬರೆಯಲ್ಲ. ಬರೀ ನಂಬರು. ಔಷಧಿ ಯಾವುದು, ಉಪ್ಪುನೀರು ಯಾವುದು ಅಂತ ಕೆಲಸದೋರಿಗೆ ಗೊತ್ತಾಗ್ಬಾರ್ದು, ಅದು ನಿಯಮ. ಆದ್ರೆ ಮೊದಲನೇದನ್ನ ಬೇರೆ ಇಡ್ಬೇಕಿತ್ತು. ಅದು ನನ್ನ ತಪ್ಪು."

ನಿಂಗರಾಜುವಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅವನ ಮುಖದ ಮೇಲೆ ಅದು ನಿಧಾನವಾಗಿ ಹತ್ತಿ ಬರುವುದನ್ನು ಯಶೋಧರಾ ನೋಡಿದಳು. ನೋಡದೆ ಇರಬಹುದಿತ್ತು. ಆದರೆ ಅವನ ಹೆಂಡತಿಯ ಪರವಾಗಿ ನೋಡಬೇಕಾಗಿತ್ತು.

"ಕುಂಟು ಬರ್ಸೋ ಸೂಜಿನೂ ಅಲ್ಲೇ ಇತ್ತಾ ಸಾ?"

ಅಮೃತೇಶ ಹೌದೆಂದು ತಲೆಯಾಡಿಸಿದ.

"ನಾನು ತಗೊಂಡೋಗಿದ್ದು ಅದಾ?"

"ಬಾಟ್ಲೀಲಿ ಎಷ್ಟು ಹಾಕ್ದೆ ನಿಂಗರಾಜು?" ಯಶೋಧರಾ ಕೇಳಿದಳು.

"ಎಲ್ಲಾನೂ. ಕುರಿಗೇ ಅಷ್ಟು ಆಕ್ತಾರಲ್ಲ, ಮನುಸ್ರಿಗೆ ಜಾಸ್ತಿ ಬೇಕಾಯ್ತದೇನೋ ಅಂತ ಎಲ್ಲಾನೂ ಆಕ್ದೆ."

"ಆ ಬಾಟ್ಲಿ ಒಂದು ಕುರಿಗಲ್ಲ ಕಣಯ್ಯ," ಅಮೃತೇಶನ ದನಿ ಇಳಿದಿತ್ತು. "ಇಡೀ ಹಿಂಡಿಗೆ."

ನಿಂಗರಾಜು ಅಳಲಿಲ್ಲ. ತನ್ನ ಎರಡು ಅಂಗೈಗಳನ್ನೂ ಮುಂದೆ ಹಿಡಿದು ನೋಡಿದ. ಕಾಲನ್ನು ಬಿಗಿಯಾಗಿ ಹಿಡಿದುಕೊಳ್ಳುವ ಕೈ.

"ಅವ್ವ ಒದ್ದಾಡ್ತು ಮೇಡಂ. ಉರೀತದೆ ಬುಡ್ಲಾ ಅಂತು. ಕುರಿನೂ ಒದ್ದಾಡ್ತವೆ, ಆಮ್ಯಾಲೆ ಸರಿಯಾಯ್ತದೆ ಅಂತ ನಾನು ಬುಡ್ಲಿಲ್ಲ." ಅವನು ಡಾಕ್ಟರ ಕಡೆ ತಿರುಗಿದ. "ಮೊನ್ನೆ ನೀವು ಕರೆದಾಗ ನಾನು ಎಲ್ಲಾ ಏಳ್ದೆ. ಅವ್ವಂಗೆ ಆಕ್ದೆ, ಸೂಪು ಕುಡುದು ನಂಜಾಯ್ತು ಅಂತ ಏಳ್ದೆ. ನೀವು ಊ, ಅದೇ ಇರ್ಬೇಕು, ಬಾಯಿ ಬುಡ್ಬೇಡ ಅಂದ್ರಿ. ನಿಮ್ಗೆ ಗೊತ್ತಿತ್ತಲ್ಲ ಸಾ."

"ಹತ್ತು ವರ್ಷದ ಕೆಲಸ ಮೇಡಂ. ಸಾವು ಅಂತ ಆಚೆಗೆ ಗೊತ್ತಾದ್ರೆ ಬೀಗ ಬೀಳುತ್ತೆ. ಲಕ್ಷಾಂತರ ಜನ ಆ ಔಷಧಿಗೆ ಕಾಯ್ತಿದಾರೆ."

"ಅವರಿಗೋಸ್ಕರ ಒಬ್ಬಳು ಜೈಲಿಗೆ ಹೋಗ್ಲಿ ಅಂತ. ಉಪ್ಪುನೀರಿನ ಕುರಿ ಹಾಗೆ."

ಅಮೃತೇಶ ನೆಲ ನೋಡಿದ. "ನಾನು ಬಾಟಲಿಗಳು ಕಾಣೆಯಾಗಿದ್ದನ್ನ ಹೇಳ್ಬೇಕಿತ್ತು. ಎರಡೂ ಮೊದಲನೇ ಸೂಜಿ ಬಾಟಲಿನೇ, ಹೋಗಿದ್ದು ಅವತ್ತೇ ಗೊತ್ತಾಗಿತ್ತು."

ಮಾದಯ್ಯ ತಲೆ ಎತ್ತಿದ. ಯಶೋಧರಾ ಒಂದು ಹೆಜ್ಜೆ ಮುಂದೆ ಬಂದಳು.

"ಎರಡಾ?"

ಅವಳು ನಿಂಗರಾಜುವಿನ ಕಡೆ ತಿರುಗಿದಳು.

"ನಿಂಗರಾಜು, ಇನ್ನೊಂದು ಬಾಟಲಿ ಎಲ್ಲಿ?"

ಬಾಟಲಿ ಸಿಕ್ಕರೆ ರಂಜಿನಿ ಸಂಜೆಯೊಳಗೆ ಮನೆಗೆ. ಇವನ ಬಾಯಿಮಾತನ್ನು ನಾಳೆ ಇವನೇ ನುಂಗಿಕೊಳ್ಳಬಹುದು, ಡಾಕ್ಟರಿಗೆ ಒಳ್ಳೆಯ ವಕೀಲ ಸಿಗಬಹುದು. ಗಾಜಿನ ಬಾಟಲಿ ಮಾತು ಬದಲಿಸುವುದಿಲ್ಲ. ಅವಳು ಮೊದಲು ಯೋಚಿಸಿದ್ದು ಅಷ್ಟೇ.

"ವಾಣಿ ಅಕ್ಕ ತಗೊಂಡೋದ್ಲು," ನಿಂಗರಾಜು ಹೇಳಿದ. "ಸೋಮನಾಥಪುರಕ್ಕೆ. ಅವಳ ಮಗಳು ಅರ್ಪಿತಂಗೆ."

"ಮಗಳಿಗೇನಾಗಿದೆ?"

"ಎಳೇದ್ರಿಂದ್ಲೂ ಕೀಲೆಲ್ಲ ಊದ್ಕೊತವೆ. ಬೆಳಿಗ್ಗೆ ಎದ್ರೆ ಬೆರಳು ಮಡ್ಚಕ್ಕಾಗಾಕಿಲ್ಲ, ಪೆನ್ನು ಇಡಿಯಾಕಾಗಾಕಿಲ್ಲ ಅಂತ ಸ್ಕೂಲು ಬುಡ್ಸವ್ರೆ. ನೀ ಅವ್ವಂಗೆ ಆಕಿದ್ದ ನೋಡ್ಕೊಂಡಿವ್ನಿ, ನಾನೇ ಆಕ್ತೀನಿ ಅಂದ್ಲು."

"ಹಾಕಿದ್ಲಾ?"

"ಇಲ್ಲ, ಇಲ್ಲ. ಕೊಟ್ಟ ಎಣ್ಣುಮಗಳಿಗೆ ಮೂರ್ದಿನದ ಸೂತಕ ಅಲ್ವಾ. ಸೂತಕ ಕಳೀಲಿ, ಆಮ್ಯಾಲೆ ಅಂದಿದ್ಲು."

ಹೇಳಿ ಮುಗಿಸುವಷ್ಟರಲ್ಲಿ ಅವನಿಗೇ ತಿಳಿಯಿತು. ಮಂಗಳಮ್ಮ ಸತ್ತು ಇವತ್ತಿಗೆ ನಾಲ್ಕನೆಯ ದಿನ.

"ಫೋನ್ ಮಾಡು. ಸ್ಪೀಕರ್ ಹಾಕು. ಮಾದಯ್ಯ, ನೂರಾ ಎಂಟಕ್ಕೆ ಫೋನ್ ಮಾಡಿ ಸೋಮನಾಥಪುರಕ್ಕೆ ಆಂಬುಲೆನ್ಸ್ ಕಳಿಸಿ ಅನ್ನಿ."

ನಿಂಗರಾಜುವಿನ ಬೆರಳು ಎರಡು ಸಲ ತಪ್ಪಿತು. ಮೂರನೆಯ ಸಲ ಹತ್ತಿತು. ಅತ್ತ ಕಡೆಯಿಂದ ವಾಣಿಯ ದನಿ ಲವಲವಿಕೆಯಿಂದಲೇ ಬಂತು.

"ಏನ್ಲಾ ನಿಂಗ, ಅವಳ್ನ ಕೋರ್ಟಿಗೆ ಕರ್ಕೊಂಡೋದ್ರಾ?"

"ಅಕ್ಕ, ಆ ಬಾಟ್ಲಿ..."

"ಬಾಟ್ಲಿನಾ? ಅದ್ಕೇ ನಾನೇ ಫೋನ್ ಮಾಡಾವ ಅಂತಿದ್ದೆ ಕಣ್ಲಾ, ನೀನು ಏಳಿದ್ಯಲ್ಲ, ಆಕುದ್ ಮ್ಯಾಲೆ ಕಾಲು..."

ತಡೆಯಲಾರದೆ ಯಶೋಧರಾ ಫೋನನ್ನು ಕಿತ್ತುಕೊಂಡಳು. ಕಿತ್ತುಕೊಂಡ ಮರುಕ್ಷಣವೇ ಹಾಗೆ ಮಾಡಬಾರದಿತ್ತು ಅನ್ನಿಸಿತು.

"ವಾಣಿ, ನಾನು ಸಬ್ ಇನ್‌ಸ್ಪೆಕ್ಟರ್ ಯಶೋಧರಾ. ಹೆದರ್‍ಬೇಡ. ಆ ಸೂಜಿ ಮಗಳಿಗೆ ಹಾಕಿದ್ಯಾ? ಯಾವಾಗ ಹಾಕ್ದೆ? ಅದು ಔಷಧಿ ಅಲ್ಲ."

ಅತ್ತ ಕಡೆಯಿಂದ ಬಂದ ದನಿ ಈಗ ಬೇರೆಯದೇ ಆಗಿತ್ತು. ಬಿಗಿದ, ಬಾಗಿಲು ಹಾಕಿಕೊಂಡ ದನಿ.

"ಯಾವ ಸೂಜಿ? ನಮ್ಮನೇಲಿ ಯಾವ ಸೂಜಿನೂ ಇಲ್ಲ, ಯಾವ ಬಾಟ್ಲಿನೂ ಇಲ್ಲ."

"ವಾಣಿ, ನಿನ್ನ ಮೇಲೆ ಕೇಸು ಹಾಕಲ್ಲ. ಮಗಳ ಕಾಲು ಊದಿದ್ಯಾ ನೋಡು. ಆಂಬುಲೆನ್ಸ್ ಬರ್ತಿದೆ, ಹತ್ತಿಸ್ಬಿಡು."

"ಅವಳನ್ನ ಬುಡ್ಸಕ್ಕೆ ನಾಟ್ಕ ಆಡ್ತಿದ್ದೀರಾ. ನಂಗೊತ್ತಿಲ್ವಾ."

"ಮಗು ಸತ್ತೋಗುತ್ತೆ ಕಣಮ್ಮ."

"ಸುಮ್ಕಿರಿ. ನನ್ ಮಗಳಿಗೆ ಏನೂ ಆಗಾಕಿಲ್ಲ." ವಾಣಿಯ ಮಾತು ಈಗ ಸ್ವಲ್ಪವೂ ನಡುಗಲಿಲ್ಲ. "ನಾನೇನು ಅವಳಂಗೆ ಸೂಪು ಕುಡ್ಸಿಲ್ಲ. ಬೆಳಿಗ್ಗೆಯಿಂದ ಬರೀ ಗಂಜಿಲೇ ಇಟ್ಟಿವ್ನಿ."

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್.